ಹಿತ್ತಿಲ ಬಾಗಿಲಿನ ಸಾಲು

ಗಾಣಿಗರ ಓಣಿಯ ಅರ್ಧ ಮನೆಗಳನ್ನು ಕಟ್ಟಿ ಮುಗಿಸಿದ್ದೆ. ಒಂದು ಮನೆಯ ಪುಟವನ್ನು ಯಂತ್ರಕ್ಕೆ ಕೊಡುವುದು, ಅದು ಪರದೆಯ ಮೇಲೆ ಗೊಣಗುತ್ತಾ ಗೊಣಗುತ್ತಾ ಕೆಳಗಿಳಿಯುವಷ್ಟು ಹೊತ್ತು ಎಡಗೈಯಲ್ಲಿ ಶೇಂಗಾ ಸುಲಿದು ಬಾಯಿಗೆ ಹಾಕಿಕೊಳ್ಳುವುದು, ಅದು ಸುಮ್ಮನಾದ ಮೇಲೆ ಮುಂದಿನ ಮನೆ. ಇಷ್ಟು ವರ್ಷಗಳಲ್ಲಿ ಈ ಕೆಲಸಕ್ಕೆ ನನ್ನ ಕೈಗಳು ಎಷ್ಟು ಹೊಂದಿಕೊಂಡಿದ್ದವೆಂದರೆ, ಮನಸ್ಸನ್ನು ಬೇರೆಲ್ಲೋ ಬಿಟ್ಟು ಬಂದಿದ್ದರೂ ಓಣಿ ತಪ್ಪುತ್ತಿರಲಿಲ್ಲ. ಆವತ್ತು ಪರದೆಯ ಮೇಲೆ ಎಂದಿನ ಮಾತುಗಳೇ ಬರುತ್ತಿದ್ದವು. "ಎಚ್ಚರಿಕೆ: ಈ ಸಾಲಿನಲ್ಲಿ ಹೇಳಿದ ವ್ಯಕ್ತಿ ಸಿಗಲಿಲ್ಲ. ಮುಂದುವರಿಯುತ್ತಿದ್ದೇನೆ." "ಎಚ್ಚರಿಕೆ: ಈ ಕಿಟಕಿ ಈಗ ಇಲ್ಲ. ಮುಂದುವರಿಯುತ್ತಿದ್ದೇನೆ." ಯಂತ್ರದೊಳಗಿನ ಕಟ್ಟುವ ಉಪಕರಣ ಮೂರನೆಯ ಆವೃತ್ತಿಯದು, ಹಳೆಯದು. ಮನೆಯಲ್ಲಿರುವ ಅಜ್ಜಿಯ ಹಾಗೆ ಎಲ್ಲವನ್ನೂ ನೋಡಿ, ಎಲ್ಲದಕ್ಕೂ ಒಂದು ಮಾತು ಅಂದು, ಕೊನೆಗೆ ಯಾವುದನ್ನೂ ತಡೆಯದೆ ಬಿಡುತ್ತಿತ್ತು.

ನಮ್ಮೂರಿನಲ್ಲಿ ಬಾಗಿಲಿಗೆ ಹಿಡಿ ಇಲ್ಲ, ನಲ್ಲಿಗೆ ತಿರುಪಿಲ್ಲ, ದೀಪಕ್ಕೆ ಗುಂಡಿ ಇಲ್ಲ. ಎಲ್ಲವನ್ನೂ ಊರಿನ ತಂತ್ರಾಂಶವೇ ನೋಡಿಕೊಳ್ಳುತ್ತದೆ. ಆ ತಂತ್ರಾಂಶ ತನ್ನ ಕೈಪಿಡಿಯಲ್ಲಿ ಬರೆದಿರುವಷ್ಟನ್ನು ಮಾತ್ರ ಮಾಡುತ್ತದೆ. ಬೇರೆ ಊರುಗಳಲ್ಲಿ ತಂತ್ರಾಂಶ ಮೊದಲು ಹುಟ್ಟಿ, ಅದರ ವಿವರವನ್ನು ಆಮೇಲೆ ಬರೆಯುತ್ತಾರಂತೆ. ನಮ್ಮಲ್ಲಿ ಬರೆದದ್ದೇ ಮೊದಲು. ಕೈಪಿಡಿಯಲ್ಲಿ ಪ್ರತಿ ಮನೆಗೂ ಒಂದು ಪುಟ. 'ಯಜಮಾನರು ಎದ್ದಾಗ ಬಚ್ಚಲ ದೀಪ ಹತ್ತಬೇಕು' ಎಂದಿದ್ದರೆ ಹತ್ತುತ್ತದೆ. ಸಾಲು ಇಲ್ಲದಿದ್ದರೆ ಅವರು ಕತ್ತಲಲ್ಲೇ ಹಲ್ಲುಜ್ಜಬೇಕು. ತಿಂಗಳಿಗೊಮ್ಮೆ, ಅಮಾವಾಸ್ಯೆಯ ದಿನ, ಇಡೀ ಕೈಪಿಡಿಯನ್ನು ಹೊಸದಾಗಿ ಕಟ್ಟಬೇಕು. ಅದಕ್ಕೇ ಪುಟಮನೆ ಇರುವುದು, ಅದಕ್ಕೇ ನಾವು ಹೆಂಗಸರು ಅಲ್ಲಿ ಕೂತಿರುವುದು.

"ಏ ದಾಕ್ಷಿ, ಶೇಂಗಾ ಎಲ್ಲ ನೀನೇ ಮುಗಿಸ್ಬೇಡ ಕಣೇ" ಎಂದಳು ಪಕ್ಕದ ಕುರ್ಚಿಯ ಪುಟ್ಟತಾಯಮ್ಮ. ಅವಳು ನನಗಿಂತ ಹಿರಿಯಳು. ಕುಂಬಾರ ಓಣಿ ಅವಳದು. ನಾನು ಪೊಟ್ಟಣವನ್ನು ಅವಳ ಕಡೆ ಸರಿಸುತ್ತಿರುವಾಗಲೇ ಮೇಲ್ವಿಚಾರಕ ಮುರಿಗೆಪ್ಪ ಬಂದು ನಡುಮನೆಯಲ್ಲಿ ನಿಂತರು. ಒಳ್ಳೆಯ ಮನುಷ್ಯ, ಗಟ್ಟಿಯಾಗಿ ಮಾತಾಡಲು ಬಾರದು. ಕೆಟ್ಟ ಸುದ್ದಿ ಹೇಳುವಾಗಲಂತೂ ಎದೆಯ ಜೇಬಿನ ಪೆನ್ನಿಗೆ ಹೇಳುವವರ ಹಾಗೆ ತಲೆ ಬಗ್ಗಿಸಿಕೊಂಡಿರುತ್ತಾರೆ.

"ಮುಂದಿನ ಅಮಾವಾಸ್ಯೆಯಿಂದ ಕನಿಷ್ಠ ಏಳು" ಎಂದರು.

"ಏನು ಏಳು?"

"ಆವೃತ್ತಿ ಕಣಮ್ಮಾ. ಕಟ್ಟೋ ಉಪಕರಣ ಏಳನೇ ಆವೃತ್ತಿಗಿಂತ ಹಳೇದಾಗಿದ್ರೆ ಕೈಪಿಡಿ ಕಟ್ಟೋ ಹಾಗಿಲ್ಲ. ಮೇಲಿಂದ ಬಂದದೆ."

ಪುಟ್ಟತಾಯಮ್ಮ ನಕ್ಕಳು. "ಏಳಂತೆ ಏಳು. ನಮ್ಮನೆ ದೊರೆನ ಹಾಸಿಗೆಯಿಂದ ಏಳ್ಸೋಕೇ ನಂಗೆ ಮಧ್ಯಾಹ್ನ ಆಗ್ತದೆ. ಮೂರಕ್ಕೇನಾಗಿದೆ ಸಾರ್? ಚೆನ್ನಾಗೇ ನಡೀತಿದೆಯಲ್ಲ."

"ನಡೀತದೆ. ಆದ್ರೆ ಮೂರನ್ನ ಬಲ್ಲೋರು ಮೇಲೆ ಯಾರೂ ಉಳಿದಿಲ್ವಂತೆ. ನಾಳೆ ಅದು ಕೆಟ್ಟು ಕೂತ್ರೆ ಯಾರು ನೋಡ್ತಾರೆ? ಏಳು ಬೇಗ ಕಟ್ತದೆ, ತಪ್ಪು ಬಿಡಲ್ಲ." ಅವರು ಪೆನ್ನನ್ನು ಒಮ್ಮೆ ಮುಟ್ಟಿಕೊಂಡರು. "ನಿಮಗೂ ಹಗುರ ಆಗ್ತದೆ."

ಏಳು ಎಷ್ಟು ಹಗುರವೆಂದು ಆ ಮಧ್ಯಾಹ್ನವೇ ಗೊತ್ತಾಯಿತು. ಪರೀಕ್ಷೆಗೆಂದು ಒಂದೊಂದು ಮನೆಯನ್ನು ಹೊಸ ಉಪಕರಣಕ್ಕೆ ಕೊಟ್ಟು ನೋಡಲು ಹೇಳಿದ್ದರು. ನಾನು ಓಣಿಯ ಮೂಲೆಯ ಗೌರವ್ವಜ್ಜಿಯ ಪುಟ ಕೊಟ್ಟೆ. ಗೊಣಗಲಿಲ್ಲ, ಉಸಿರೆತ್ತಲಿಲ್ಲ. ಒಂದೇ ಸಾಲು ಬಂತು: "ದೋಷ: ವ್ಯಕ್ತಿ ಇಲ್ಲ. ನಿಲ್ಲಿಸಲಾಗಿದೆ." ಅಷ್ಟೇ. ಮೂರು ಎಚ್ಚರಿಸಿ ದಾಟಿ ಹೋಗುತ್ತಿದ್ದ ಜಾಗದಲ್ಲೇ ಏಳು ನಿಂತುಬಿಡುತ್ತಿತ್ತು. ಒಂದು ಸಾಲು ಸರಿಯಿಲ್ಲವೆಂದರೆ ಇಡೀ ಪುಟವೇ ಬೇಡ. ಪುಟ ಕಟ್ಟದಿದ್ದರೆ ಆ ಮನೆ ಕೈಪಿಡಿಯಿಂದ ಹೊರಗೆ, ತಂತ್ರಾಂಶದ ಪಾಲಿಗೆ ಆ ಮನೆಯೇ ಇಲ್ಲ. ಪುಟ್ಟತಾಯಮ್ಮ ನನ್ನ ಪರದೆಯತ್ತ ಬಗ್ಗಿ ನೋಡಿ, "ಅಯ್ಯೋ ಇದೇನೇ, ಹೊಸ ಅತ್ತೆ ಬಂದಂಗಿದೆ" ಎಂದಳು. ಎಲ್ಲರೂ ನಕ್ಕರು. ನಗಬೇಕೆಂದು ನಾನೂ ಬಾಯಿ ತೆರೆದೆ. ಶೇಂಗಾದ ಸಿಪ್ಪೆ ಗಂಟಲಿಗೆ ಸಿಕ್ಕಿ ಕೆಮ್ಮು ಬಂತು.

ಗಾಣಿಗರ ಓಣಿಯ ಕೊನೆಯ ಮನೆ ನಮ್ಮದು. ಅದರ ಪುಟವನ್ನು ನಾನು ಏಳಕ್ಕೆ ಕೊಟ್ಟು ನೋಡಲಿಲ್ಲ. ಎಲ್ಲಿ ನಿಲ್ಲುತ್ತದೆಂದು ಕೊಡದೆಯೂ ಗೊತ್ತಿತ್ತು. 'ವನಿ ಬಂದಾಗ ಹಿತ್ತಿಲ ಬಾಗಿಲು ತೆರೆಯಬೇಕು, ತಡವಾಗಿ ಬಂದರೂ.' ಆ ಸಾಲಿನಲ್ಲಿ.

ವನಿ, ಅಂದರೆ ವನಮಾಲೆ, ನನ್ನ ನಾದಿನಿ. ನಾನು ಈ ಮನೆಗೆ ಬಂದಾಗ ಅವಳಿಗೆ ಹಾಲುಹಲ್ಲು ಬೀಳುತ್ತಿತ್ತು. ತಾಯಿಯಿಲ್ಲದ ಮಗು. ಬಂದ ವಾರದಲ್ಲೇ ಬಿದ್ದ ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಬಂದು, "ಅತ್ಗೆ, ಇದನ್ನ ಎಲ್ಲಿ ಇಡ್ಲಿ?" ಎಂದು ಕೇಳಿದ್ದಳು. ಆ ಮನೆಯಲ್ಲಿ ಅದುವರೆಗೆ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ನನಗೆ ಮಕ್ಕಳಾಗಲಿಲ್ಲ. ಆಗಲಿಲ್ಲವಲ್ಲ ಎಂದು ಮರುಗಲು ಪುರುಸೊತ್ತಾಗದ ಹಾಗೆ ಅವಳಿದ್ದಳು. ಮುಂಬಾಗಿಲಿನಿಂದ ಬಂದರೆ ಅಣ್ಣನ ಕಣ್ಣಿಗೆ ಬೀಳಬೇಕಾಗುತ್ತದೆಂದು ಯಾವಾಗಲೂ ಹಿತ್ತಿಲಿನಿಂದಲೇ ಬರುತ್ತಿದ್ದಳು. ಕೆಸರುಗಾಲಲ್ಲೇ ಒಲೆಯ ಹತ್ತಿರ ಬಂದು, ನನ್ನ ಸೆರಗಿನಲ್ಲಿ ಮುಖ ಒರೆಸಿಕೊಂಡು, ಹುಣಸೆಹಣ್ಣಿಗೆ ಉಪ್ಪು ಕೇಳುತ್ತಿದ್ದಳು. ಹತ್ತು ತುಂಬಿದ ದಿನ ಅವಳ ಹೆಸರಿಗೆ ಒಂದು ಸಾಲು ಬರೆಯುತ್ತೇನೆಂದಾಗ, "ತಡವಾಗಿ ಬಂದ್ರೂ ಅಂತ ಸೇರ್ಸು ಅತ್ಗೆ" ಎಂದಳು. ಹಾಗೆ ಬರೆದರೆ ತಂತ್ರಾಂಶಕ್ಕೆ ಯಾವ ಅರ್ಥವೂ ಇಲ್ಲ. ಮೂರನೆಯ ಆವೃತ್ತಿ ಅದನ್ನು ನೋಡಿಯೂ ನೋಡದಂತೆ ಬಿಟ್ಟಿತ್ತು.

ಇಪ್ಪತ್ತಾರನೆಯ ವಯಸ್ಸಿನಲ್ಲಿ ಅವಳು ಮನೆ ಬಿಟ್ಟು ಹೋದಳು. ಹಗ್ಗದ ವ್ಯಾಪಾರದಲ್ಲಿ ನನ್ನ ಗಂಡನ ಪಾಲುದಾರನಾಗಿದ್ದವನ ತಮ್ಮನಿಗೆ ಅವಳನ್ನು ಕೊಡುವುದೆಂದು ಇವರು ಮಾತು ಕೊಟ್ಟಿದ್ದರು. ಅವಳು ಒಲ್ಲೆ ಎಂದಳು. ಇವರು ಹೊಡೆದರು, ಮೊದಲನೆಯ ಸಲ. ನಿಶ್ಚಯದ ದಿನ ಬೆಳಿಗ್ಗೆ ನಾನು ಹೂ ಬಿಡಿಸಲು ಹಿತ್ತಿಲಿಗೆ ಹೋಗಿದ್ದೆ. ಅವಳು ನನ್ನ ಪಕ್ಕದಲ್ಲೇ ಹಾದುಹೋದಳು. ಕೈಯಲ್ಲಿ ಏನೂ ಇರಲಿಲ್ಲ. "ಬರ್ತೀನಿ ಅತ್ಗೆ" ಎಂದಳು. ಬಚ್ಚಲ ಕಡೆಗೆ ಹೋಗುತ್ತಿರಬೇಕೆಂದು, "ಹ್ಞೂಂ, ಬೇಗ ಬಾ" ಎಂದೆ. ಮಧ್ಯಾಹ್ನ ಇವರು ಜನರ ಪುಟದ ಕಚೇರಿಗೆ ಹೋದರು. ಊರಿನಲ್ಲಿ ಯಾರ್ಯಾರಿದ್ದಾರೆ ಎಂದು ಬರೆಯುವ ಜಾಗ ಅದು. ಮನೆಯ ಯಜಮಾನ ಹೇಳಿದರೆ ಹೆಸರು ಹತ್ತಿಸುತ್ತಾರೆ, ಹೇಳಿದರೆ ತೆಗೆಯುತ್ತಾರೆ. 'ಈ ಹೆಸರಿನವರು ನಮ್ಮ ಮನೆಯಲ್ಲಿ ಇಲ್ಲ' ಎಂದು ಹೇಳಿ ತೆಗೆಸಿಬಂದರು. ಮನೆಯ ಪುಟದಿಂದಲೂ ಅವಳ ಸಾಲನ್ನು ತೆಗೆದುಬಿಡು ಎಂದು ನನಗೆ ಹೇಳಿದರು. ಸರಿ ಎಂದೆ. ತೆಗೆಯಲಿಲ್ಲ. ಮುಂದಿನ ಅಮಾವಾಸ್ಯೆಗೆ ಪರದೆಯ ಮೇಲೆ ಬಂತು: "ಎಚ್ಚರಿಕೆ: ವನಿ ಎಂಬ ವ್ಯಕ್ತಿ ಸಿಗಲಿಲ್ಲ. ಮುಂದುವರಿಯುತ್ತಿದ್ದೇನೆ." ಅಷ್ಟು ಗೊಣಗಿ ಸಾಲನ್ನು ಹಾಗೇ ಕಟ್ಟಿಬಿಟ್ಟಿತು. ಆ ಎಚ್ಚರಿಕೆಯನ್ನು ನಾನೊಬ್ಬಳೇ ನೋಡುತ್ತಿದ್ದೆ. ಆರು ವರ್ಷ, ಪ್ರತಿ ತಿಂಗಳು. ನನ್ನ ಜೊತೆ ಅವಳ ಹೆಸರೆತ್ತಿ ಮಾತಾಡುವುದು ಆ ಉಪಕರಣ ಒಂದೇ ಆಗಿತ್ತು.

ಅವಳು ಹೋಗಿ ಎರಡು ವರ್ಷವಾಗಿತ್ತು. ಒಂದು ಸಂಜೆ ಇವರಿಗೆ ಊಟಕ್ಕೆ ಬಡಿಸುತ್ತಿದ್ದೆ. ಹಿತ್ತಿಲ ಬಾಗಿಲು ತಾನಾಗಿ ತೆರೆದುಕೊಂಡಿತು. ಒಳಗೆ ನಾವಿಬ್ಬರೂ ಕೂತಲ್ಲೇ ಕೂತಿದ್ದೆವು. ಪುಟದಲ್ಲಿ ಹೆಸರಿರುವವರು ಯಾರಾದರೂ ಹತ್ತಿರ ಬಂದರಷ್ಟೇ ಬಾಗಿಲು ತೆರೆಯುವುದು. ಸೌಟನ್ನು ಎಲ್ಲಿಟ್ಟೆನೋ ತಿಳಿಯದು, ಓಡಿದೆ. ಹಿತ್ತಿಲ ಸಂದಿಯಲ್ಲಿ ಯಾರೂ ಇರಲಿಲ್ಲ. ಒಗೆಯುವ ಕಲ್ಲಿನ ಆಚೆ, ಗೋಡೆ ತಿರುಗುವ ಕಡೆ, ಹಸಿ ಮಣ್ಣಿನಲ್ಲಿ ಹೋದ ಹೆಜ್ಜೆಗಳು. ಅಷ್ಟು ಹತ್ತಿರ ಬಂದು, ಬಾಗಿಲು ತನ್ನನ್ನು ಇನ್ನೂ ಮರೆತಿಲ್ಲವೆಂದು ನೋಡಿಕೊಂಡು, ಹೋಗಿದ್ದಳು. ಒಳಗೆ ಬಂದಾಗ ಇವರು, "ಏನು?" ಎಂದರು. "ಗಾಳಿ" ಎಂದೆ. ನಮ್ಮೂರಿನಲ್ಲಿ ಗಾಳಿಗೆ ಬಾಗಿಲು ತೆರೆಯುವುದಿಲ್ಲ. ಅವರು ತಟ್ಟೆ ನೋಡಿಕೊಂಡು ಊಟ ಮುಂದುವರಿಸಿದರು. ಕಳೆದ ಚಳಿಗಾಲದಲ್ಲಿ ಮತ್ತೊಮ್ಮೆ ಹಾಗೇ ಆಯಿತು. ಆ ಸಲ ನಾನು ಓಡಲಿಲ್ಲ. ಓಡಿ ಬರುವ ಸದ್ದಿಗೆ ಅವಳು ಹೆದರುತ್ತಾಳೇನೋ ಎಂದು ಅಲ್ಲೇ, ಒಲೆಯ ಮುಂದೆ, ಬೆನ್ನು ತಿರುಗಿಸಿಕೊಂಡೇ ನಿಂತೆ. ಹಾಲು ಉಕ್ಕಿ ಹೋಯಿತು. ಬಾಗಿಲು ಸ್ವಲ್ಪ ಹೊತ್ತು ತೆರೆದಿದ್ದು ಮುಚ್ಚಿಕೊಂಡಿತು.

ಬಾಗಿಲು ಬಡಿದು ಬರುವವಳಲ್ಲ ಅವಳು. ಬಾಗಿಲೇ ತೆರೆದುಕೊಂಡರೂ ಒಳಗೆ ಬಾರದವಳು, ತೆರೆಯದ ಬಾಗಿಲ ಮುಂದೆ ನಿಂತು ಕೂಗುತ್ತಾಳೆಯೇ? ಒಂದೇ ಒಂದು ಸಲ ಬಂದು ನಿಂತು, ಅದು ಮಿಸುಕದಿದ್ದರೆ ಸಾಕು. ಓ, ಅತ್ತಿಗೆಯೂ ತೆಗೆದುಹಾಕಿದಳು ಎಂದುಕೊಳ್ಳುತ್ತಾಳೆ. ಮತ್ತೆ ಈ ಕಡೆಗೆ ಬರುವುದಿಲ್ಲ. ಅವಳು ಬಂದು ನಿಂತಿದ್ದಳೆಂದು ನನಗೆ ಗೊತ್ತಾಗುವುದೂ ಇಲ್ಲ. ಬದುಕಿದ್ದಾಳೆಂದು ಹೇಳಲು ನನಗಿದ್ದ ಸುದ್ದಿಗಾರ ಆ ಬಾಗಿಲು ಮಾತ್ರ.

ಆ ತಿಂಗಳು ನಮಗೆ ಮನೆಮನೆಗೆ ಹೋಗುವ ಕೆಲಸ ಬಂತು. ಇಲ್ಲದವರ ಹೆಸರಿರುವ ಸಾಲುಗಳನ್ನು ಮನೆಯವರ ಎದುರು ಓದಿ, ಒಪ್ಪಿಗೆ ಪಡೆದು, ತೆಗೆಯಬೇಕು ಇಲ್ಲವೇ ಬದಲಿಸಬೇಕು. ಗೌರವ್ವಜ್ಜಿಯ ಮನೆಯಲ್ಲಿ ಸಾಲು ಹೀಗಿತ್ತು: 'ಕೊಟ್ರಪ್ಪ ಅಂಗಡಿಯಿಂದ ಬರುವ ಹೊತ್ತಿಗೆ ಹಂಡೆಯ ನೀರು ಕಾದಿರಬೇಕು.' ಅಜ್ಜಿಯ ಗಂಡ ಕೊಟ್ರಪ್ಪಜ್ಜ ಸತ್ತು ವರ್ಷಗಳೇ ಆಗಿದ್ದವು. ಅಂಗಡಿಯ ಜಾಗದಲ್ಲಿ ಈಗ ಹಿಟ್ಟಿನ ಗಿರಣಿ ಇದೆ. ಆದರೂ ಅಂಗಡಿ ಮುಚ್ಚುವ ಹೊತ್ತಿಗೆ ದಿನಾ ಹಂಡೆ ಕಾಯುತ್ತಿತ್ತು.

"ಅದ್ರಲ್ಲಿ ನಾನೇ ಮೀಯ್ತೀನಿ ಕಣಮ್ಮ" ಎಂದಳು ಅಜ್ಜಿ, ಅಡಿಕೆ ಕತ್ತರಿಸುತ್ತಾ. "ಬದುಕಿದ್ದಾಗ ಒಂದಿನ ನಂಗೆ ಅಂತ ನೀರು ಬಿಟ್ಟೋನಲ್ಲ. ಪೂರ್ತಿ ಹಂಡೆ ಸುರ್ಕೊಂಡು ಹಾಡು ಹೇಳ್ಕಂಡು ಬರ್ತಿದ್ದ. ಸತ್ತ ಮೇಲೆ ದಿನಾ ಬಿಸಿನೀರು ಕೊಡ್ತಾವ್ನೆ."

"ನಿಮ್ಮ ಹೆಸರಿಗೇ ಬರೀತೀನಿ ಅಜ್ಜಿ. ನೀರು ನಿಲ್ಲಲ್ಲ."

"ಬರಿ, ಬರಿ." ಅಡಿಕೆ ಕತ್ತರಿ ನಿಂತಿತು. "ನಂಗೆ ಅಂದ್ರೆ ಯಾವ ಹೊತ್ತಿಗೆ ಅಂತ ಬರೀತೀಯ? ನಾನೆಲ್ಲಿಂದ ಬರ್ಬೇಕು? ನಾನು ಎಲ್ಲೂ ಹೋಗೇ ಇಲ್ವಲ್ಲ."

ನಾನು ಗಂಟೆ ಹಾಕಿ ಬರೆದೆ. ಏಳು ಅದನ್ನು ಒಪ್ಪುತ್ತದೆ. ಎದ್ದು ಬರುವಾಗ ಅಜ್ಜಿ ಬಾಗಿಲವರೆಗೂ ಬಂದಳು, ಅವಳ ಹೆಜ್ಜೆಗೆ ಬಾಗಿಲು ತೆರೆಯಿತು. "ನಿಮ್ಮನೇಲಿ ಯಾರ್ದಾರೂ ಇತ್ತೇನಮ್ಮ, ತೆಗಿಯೋದು?" ಎಂದಳು. ಊರಿಗೆಲ್ಲ ಗೊತ್ತಿದ್ದ ಸಂಗತಿ. ಚುಚ್ಚಲು ಕೇಳಿದ್ದಲ್ಲ. "ಇಲ್ಲಜ್ಜಿ, ನಮ್ಮದು ಸಣ್ಣ ಪುಟ" ಎಂದೆ.

ಹೀಗೆಯೇ ಓಣಿ ಸಾಗಿತು. ಸತ್ತ ನಾಯಿಗಾಗಿ ಹಿತ್ತಿಲಲ್ಲಿ ಬೆಳಗುತ್ತಿದ್ದ ದೀಪ ಹೋಯಿತು. ಗಂಡ ಬಿಟ್ಟುಹೋದ ಮೀನಾಕ್ಷಮ್ಮ ಅವನ ಸಾಲನ್ನು, "ತೆಗಿರಿ, ತೆಗಿರಿ, ಅವತ್ತೇ ತೆಗೀಬೇಕಿತ್ತು" ಎಂದು ಗಟ್ಟಿಯಾಗಿ ಹೇಳಿ ತೆಗೆಸಿದಳು. ಮಾರನೆಯ ದಿನ ಪುಟಮನೆಗೇ ಬಂದಳು. "ತೆಗ್ದಾಯ್ತಾ?" ಎಂದಳು. ಆಯಿತು ಎಂದೆ. "ಒಳ್ಳೇದಾಯ್ತು" ಎಂದು ಹೋದಳು. ನಾನು ದಿನವೂ ಬೇರೆಯವರ ಮನೆಯಲ್ಲಿ ಕೂತು, ತಂಪಾದ ದನಿಯಲ್ಲಿ, ಇದರಿಂದ ಏನೂ ಆಗುವುದಿಲ್ಲ, ಮಿಕ್ಕದ್ದೆಲ್ಲ ಹಾಗೇ ಇರುತ್ತದೆ ಎಂದು ಹೇಳುತ್ತಿದ್ದೆ. ಸಂಜೆ ಮನೆಗೆ ಬಂದು ಕೈಕಾಲು ತೊಳೆಯುವಾಗ ನನ್ನ ದನಿ ನನಗೇ ಅಸಹ್ಯವಾಗುತ್ತಿತ್ತು.

ನಮ್ಮ ಸಾಲನ್ನು ಉಳಿಸಲು ನಾನು ಮಾಡದ ಉಪಾಯವಿಲ್ಲ. ಎಲ್ಲರೂ ಊಟಕ್ಕೆ ಹೋದಾಗ ಏಳರ ಮುಂದೆ ಕೂತು ಒಂದೊಂದಾಗಿ ಬರೆದು ನೋಡುತ್ತಿದ್ದೆ. 'ಯಾರು ಬಂದರೂ ಹಿತ್ತಿಲ ಬಾಗಿಲು ತೆರೆಯಬೇಕು' ಎಂದೆ. "ದೋಷ: ಯಾರು ಎಂದು ಹೇಳಿಲ್ಲ." 'ಈ ಮನೆಯ ಮಗಳು' ಎಂದೆ. "ದೋಷ: ಜನರ ಪುಟದಲ್ಲಿ ಈ ಮನೆಗೆ ಮಗಳಿಲ್ಲ." ಹೆಸರನ್ನೇ ಬಿಟ್ಟು, 'ಸಂಜೆಯ ಹೊತ್ತು ಬಾಗಿಲು ತೆರೆದಿರಬೇಕು' ಎಂದೆ. "ದೋಷ: ವ್ಯಕ್ತಿಯಿಲ್ಲದೆ ಬಾಗಿಲು ತೆರೆಯುವಂತಿಲ್ಲ." ಮೂರಾಗಿದ್ದರೆ ಇವುಗಳಲ್ಲಿ ಯಾವುದಕ್ಕೂ ಒಂದು ಮಾತು ಗೊಣಗಿ ದಾರಿ ಬಿಡುತ್ತಿತ್ತು. ಇದಕ್ಕೆ ಗೊಣಗಲು ಬಾರದು.

ಒಂದು ಮಧ್ಯಾಹ್ನ ಪುಟ್ಟತಾಯಮ್ಮ ಬೇಗ ಬಂದುಬಿಟ್ಟಳು. ಪರದೆಯನ್ನು ನೋಡಿದಳು, ಓದಿಯೂ ಇರಬೇಕು. ಏನೂ ಕೇಳದೆ ತನ್ನ ಬುತ್ತಿಯ ಮುಚ್ಚಳದಲ್ಲಿ ಒಂದು ಹೋಳಿಗೆ ಇಟ್ಟು ನನ್ನ ಕಡೆ ತಳ್ಳಿದಳು. "ಊಟ ಬಿಟ್ರೆ ಅದೇನು ಕರಗ್ತದೇನೇ? ತಿನ್ನು." ಆಮೇಲೆ, ತನ್ನ ಪರದೆಯ ಕಡೆ ತಿರುಗಿಕೊಂಡೇ, "ಹೆಸ್ರು ಜನರ ಪುಟದಾಗೆ ಮತ್ತೆ ಹತ್ಬೇಕು. ಬೇರೆ ದಾರಿ ಇಲ್ಲ ದಾಕ್ಷಿ. ನಿಮ್ಮೋರನ್ನೇ ಕೇಳು" ಎಂದಳು.

ಕೇಳಿದೆ. ಆರು ವರ್ಷಗಳಲ್ಲಿ ಮೊದಲ ಸಲ ಆ ಮನೆಯಲ್ಲಿ ಆ ಹೆಸರನ್ನು ಬಾಯಿಬಿಟ್ಟು ಹೇಳಿದೆ. ಇವರು ಅಂಗಡಿಯಿಂದ ಬಂದು ಕೈಯ ನಾರು ತೊಳೆದುಕೊಂಡು ಊಟಕ್ಕೆ ಕೂತಿದ್ದರು. ಹಗ್ಗ ಹೊಸೆದೂ ಹೊಸೆದೂ ಅವರ ಅಂಗೈ ಒರಟಾಗಿ, ಅನ್ನ ಕಲಸುವಾಗ ಕೂಡ ಸದ್ದು ಕೇಳಿಸುತ್ತದೆ.

"ವನಿ ಹೆಸರು ಮತ್ತೆ ಬರೆಸಿ" ಎಂದೆ.

ಕಲಸುವ ಕೈ ನಿಂತಿತು. "ಮಜ್ಜಿಗೆ ಹಾಕು" ಎಂದರು.

ಹಾಕಿದೆ. "ಅವಳನ್ನ ಕರ್ಕೊಂಡ್ಬನ್ನಿ ಅಂತಿಲ್ಲ. ಕ್ಷಮಿಸಿ ಅಂತಾನೂ ಅಂತಿಲ್ಲ. ಹೆಸರೊಂದು ಇರ್ಲಿ ಅಂತ. ಕಚೇರಿಗೆ ಹೋಗಿ ಒಂದು ಮಾತು ಹೇಳಿದ್ರೆ ಸಾಕು."

"ಆ ಸಾಲು ಇನ್ನೂ ಇದೆ ಅಲ್ವಾ?"

ನಾನು ಮಜ್ಜಿಗೆಯ ಪಾತ್ರೆಗೆ ಮುಚ್ಚಳ ಹಾಕಿದೆ. ಇವರು ತಟ್ಟೆಯಿಂದ ತಲೆಯೆತ್ತದೆ ಹೇಳಿದರು. "ಅವತ್ತು ಬಾಗಿಲು ತೆಕ್ಕೊಂಡಾಗ ಗಾಳಿ ಅಂದೆ. ನಂಗೆ ಗೊತ್ತಾಗ್ಲಿಲ್ಲ ಅಂದ್ಕೊಂಡ್ಯಾ? ಈ ಊರಲ್ಲೇ ಹುಟ್ಟಿದೋನು ನಾನು. ಸುಮ್ನಿದ್ದೆ. ಎರಡ್ನೇ ಸಲಾನೂ ಸುಮ್ನಿದ್ದೆ. ಏನೋ, ಇದ್ರೆ ಇರ್ಲಿ ಅಂತ."

"ಹಾಗಾದ್ರೆ..." ಎಂದೆ.

"ಹಾಗಾದ್ರೆ ಏನು? ಸುಮ್ನಿರೋದು ಬೇರೆ. ನಾನೇ ಎದ್ದು ಹೋಗಿ, ಆ ಗುಮಾಸ್ತನ ಮುಂದೆ ನಿಂತು, ಇದಾಳೆ ನನ್ನ ತಂಗಿ ಅಂತ ಬಾಯಲ್ಲಿ ಹೇಳೋದು ಬೇರೆ." ಅವರ ದನಿ ಏರಲಿಲ್ಲ. ಏರಿದ್ದರೆ ಜಗಳವಾಡಬಹುದಿತ್ತು. "ಆಗಲ್ಲ ದಾಕ್ಷಿ. ನನ್ ಕೈಲಿ ಆಗಲ್ಲ. ಕೇಳ್ಬಾರ್ದಿತ್ತು ನೀನು. ಕೇಳ್ದೆ ಇದ್ದಿದ್ರೆ ಹಂಗೇ ನಡ್ಕಂಡ್ ಹೋಗ್ತಿತ್ತು."

"ಹಂಗೇ ನಡೆಯೋದಕ್ಕೆ ಈಗ ಬಿಡ್ತಿಲ್ಲ. ಅದಕ್ಕೇ ಕೇಳ್ದೆ."

"ತೆಗೆದ್ಬಿಡು" ಎಂದರು. ಕೈ ತೊಳೆಯಲು ಎದ್ದರು. ಬಚ್ಚಲಿನಲ್ಲಿ ನೀರಿನ ಸದ್ದು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೇಳಿಸುತ್ತಿತ್ತು. ಅವರು ಕೆಟ್ಟವರೆಂದು ಅಂದುಕೊಂಡು ಇಷ್ಟು ವರ್ಷ ಅವರ ಜೊತೆ ಬದುಕಿದ್ದೆ. ಆವತ್ತು ಹಾಗೆ ಅಂದುಕೊಳ್ಳುವ ಸುಖವೂ ಹೋಯಿತು. ಈ ಮನುಷ್ಯ ತನ್ನ ತಂಗಿಗೆ ಬಾಗಿಲು ತೆರೆದಿಡಬಲ್ಲ, ಬೇರೆ ಯಾರಾದರೂ ತೆರೆದಿಟ್ಟರೆ ಮಾತ್ರ. ನಾವಿಬ್ಬರೂ ಒಬ್ಬರ ಬೆನ್ನ ಹಿಂದೆ ಒಬ್ಬರು ಅವಳನ್ನು ಕಾಯುತ್ತಿದ್ದೆವು. ಅದು ತಿಳಿದದ್ದರಿಂದ ಏನೂ ಒಳ್ಳೆಯದಾಗಲಿಲ್ಲ. ಮೊದಲು ಒಬ್ಬಳೇ ಇದ್ದೆ. ಈಗ ಒಬ್ಬಳೇ ಇದ್ದೇನೆಂದು ಇಬ್ಬರಿಗೂ ಗೊತ್ತಿತ್ತು.

ಅಮಾವಾಸ್ಯೆಯ ಹಿಂದಿನ ದಿನ ಊರಿನ ಮೂಡಣ ಭಾಗವನ್ನು ಮೊದಲು ಕಟ್ಟಿದರು, ಹೊಸ ಉಪಕರಣ ಇಡೀ ಊರಿನ ಭಾರ ತಾಳುತ್ತದೋ ಇಲ್ಲವೋ ನೋಡಲು. ತಾಳಿತು. ಒಂದೇ ಒಂದು ಮನೆ ಬಿತ್ತು. ಪೇಟೆಯ ರೇವಣ್ಣನದು. ಮನೆಗೆ ಬಂದ ನಮ್ಮವರ ಮೇಲೆ ರೇಗಿ, ನನ್ನ ಅಪ್ಪನ ಸಾಲು ಮುಟ್ಟಿದರೆ ನೋಡಿ ಎಂದು ವಾಪಸು ಕಳಿಸಿದ್ದವನು. ಮಧ್ಯಾಹ್ನದ ಹೊತ್ತಿಗೆ ಅವನು ಪುಟಮನೆಗೆ ಓಡಿಬಂದ, ಅಂಗಿಯ ತುಂಬ ಸುಣ್ಣ.

"ಕಿಟಕಿಯಾಗಿಂದ ಹಾರ್ಕೊಂಡು ಬಂದೀನಿ ಕಣ್ರೀ! ಮುಂಬಾಗ್ಲು ಅರ್ಧಕ್ಕೆ ನಿಂತೈತಿ, ನನ್ನ ಹೆಂಡ್ತಿ ಆ ಸಂದೀಲಿ ತೂರಲ್ಲ. ನಲ್ಲಿ ಸುರೀತಾನೇ ಐತಿ. ಮನೇಲ್ಲ ಕೆರೆ!"

ನಗು ತಡೆಯಲಾರದೆ ಪುಟ್ಟತಾಯಮ್ಮ ಸೆರಗು ಕಚ್ಚಿಕೊಂಡಳು. ಮುರಿಗೆಪ್ಪನವರು ಪೆನ್ನಿಗೆ ಹೇಳಿದರು: "ಪುಟ ಬಿದ್ದ ಗಳಿಗೇಲಿ ಯಾವುದು ಹೆಂಗಿತ್ತೋ ಹಂಗೇ ನಿಲ್ತದೆ. ತೆರೆದಿದ್ದು ತೆರೆದೇ ಇರ್ತದೆ, ಮುಚ್ಚಿದ್ದು ಮುಚ್ಚೇ ಇರ್ತದೆ. ನೀವು ಸಾಲು ಸರಿಮಾಡಿ ಕೊಟ್ರೆ ಮುಂದಿನ ಅಮಾವಾಸ್ಯೆಗೆ ಮತ್ತೆ ಹತ್ತಿಸ್ತೀವಿ."

"ಮುಂದಿನ ಅಮಾಸೆ? ಒಂದು ತಿಂಗ್ಳು?"

"ಏನು ಮಾಡೋದು ರೇವಣ್ಣೋರೇ. ಏಳು ಹಂಗೇ ಇದೆ."

ರೇವಣ್ಣ ಬೈಯುತ್ತಾ ಹೋದ. ಸಂಜೆ ನಾವೆಲ್ಲ ನಮ್ಮ ನಮ್ಮ ಓಣಿಗಳ ಪುಟಗಳ ಮುಂದೆ 'ಸರಿಯಾಗಿದೆ' ಎಂದು ಗುರುತು ಹಾಕಬೇಕಿತ್ತು. ಗುರುತು ಬಿದ್ದ ಪುಟವನ್ನು ಬೆಳಿಗ್ಗೆ ಯಾರೂ ತೆರೆದು ನೋಡುವುದಿಲ್ಲ. ಸಾಲಾಗಿ ಯಂತ್ರವೇ ಎತ್ತಿಕೊಂಡು ಹೋಗುತ್ತದೆ. ನಾನು ಗೌರವ್ವಜ್ಜಿಯಿಂದ ಶುರುಮಾಡಿ ಒಂದೊಂದಕ್ಕೂ ಗುರುತು ಹಾಕುತ್ತಾ ಬಂದೆ. ಕೊನೆಗೆ ನಮ್ಮ ಪುಟ. ವನಿಯ ಸಾಲಿನ ಮೇಲೆ ಬೆರಳಿಟ್ಟೆ. ಒಂದು ಸಲ ಒತ್ತಿದರೆ ಅಳಿಸಿಹೋಗುತ್ತದೆ. ನಮ್ಮ ದೀಪ ಹತ್ತುತ್ತದೆ, ನಲ್ಲಿ ಬರುತ್ತದೆ, ಇವರು ಅಂಗಡಿಗೆ ಹೋಗಿ ಬರುತ್ತಾರೆ, ನಾನು ಮುಂದಿನ ತಿಂಗಳೂ ಈ ಕುರ್ಚಿಯಲ್ಲಿ ಕೂರುತ್ತೇನೆ. ಇಷ್ಟೆಲ್ಲ ಉಳಿಯುವುದಕ್ಕೆ ಒಂದೇ ಸಾಲು ಹೋಗಬೇಕು. ಓಣಿಯಲ್ಲಿ ಎಲ್ಲರಿಗೂ ಇದನ್ನೇ ಹೇಳಿ ಬಂದಿದ್ದೆ. ಎಲ್ಲರೂ ಒಪ್ಪಿದ್ದರು.

ಬೆರಳು ತೆಗೆದೆ.

ಪುಟ ಬೀಳುತ್ತದೆ. ನನ್ನದೇ ಮನೆ, ನಾನೇ ಗುರುತು ಹಾಕಿದ ಪುಟ. ಮುರಿಗೆಪ್ಪನವರು ಬೈಯಲಾರರು, ಆದರೆ ಕೆಲಸದಲ್ಲಿ ಇಟ್ಟುಕೊಳ್ಳಲೂ ಆರರು. ಮನೆಯಲ್ಲಿ ಕತ್ತಲೆ, ನೀರು ಪಕ್ಕದ ಓಣಿಯಿಂದ ಹೊರಬೇಕು. ಇವರು ಏನೆನ್ನುತ್ತಾರೋ, ಅಥವಾ ಏನೂ ಅನ್ನದೆ ಇರುತ್ತಾರೋ. ನಾಳೆ ಗಾಣಿಗರ ಓಣಿಯ ಸರದಿ ಬರುವುದು ಮಧ್ಯಾಹ್ನ. ಆ ಹೊತ್ತಿಗೆ ಹಿತ್ತಿಲ ಹೊಸ್ತಿಲ ಮೇಲೆ ನಾನು ನಿಂತಿದ್ದರೆ ಬಾಗಿಲು ಪೂರ್ತಿ ತೆರೆದಿರುತ್ತದೆ. ಹಾಗೇ ನಿಲ್ಲುತ್ತದೆ. ಒಂದು ತಿಂಗಳು ಅದನ್ನು ಯಾರೂ ಮುಚ್ಚಲಾರರು, ಇವರು ಕೂಡ. ಆಮೇಲೆ ಇವರೇ ಸಾಲು ಸರಿಮಾಡಿ ಕೊಡುತ್ತಾರೆ, ಬಾಗಿಲು ಮುಚ್ಚಿಕೊಳ್ಳುತ್ತದೆ, ಅವಳ ಹೆಸರು ಎಲ್ಲೂ ಇರುವುದಿಲ್ಲ. ಆರು ವರ್ಷದಲ್ಲಿ ಎರಡೇ ಸಲ ಬಂದವಳು ಈ ಒಂದು ತಿಂಗಳಲ್ಲಿ ಬರುತ್ತಾಳೆಂದು ನಂಬುವಷ್ಟು ಹುಚ್ಚು ನನಗಿಲ್ಲ. ಬಂದರೂ, ಬಾಗಿಲು ತನಗಾಗಿ ತೆರೆಯಿತೋ, ಸುಮ್ಮನೆ ತೆರೆದು ಬಿದ್ದಿತ್ತೋ ಅವಳಿಗೆ ತಿಳಿಯುವುದಿಲ್ಲ. ತೆರೆದೇ ಇರುವ ಬಾಗಿಲು ಅವಳು ಬಂದಳೆಂದು ನನಗೂ ಹೇಳುವುದಿಲ್ಲ. ಇದೆಲ್ಲ ನನಗೆ ಸ್ಪಷ್ಟವಾಗಿತ್ತು.

ನಮ್ಮ ಪುಟದ ಮುಂದೆ 'ಸರಿಯಾಗಿದೆ' ಎಂದು ಗುರುತು ಹಾಕಿದೆ.

"ಮುಗೀತೇನೇ?" ಪುಟ್ಟತಾಯಮ್ಮ ಚೀಲ ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು.

"ಮುಗೀತು. ನಾಳೆ ಮಧ್ಯಾಹ್ನ ನಾನೊಂದ್ಚೂರು ಮನೆಗೆ ಹೋಗ್ಬರ್ತೀನಿ."

"ಯಾಕೆ?"

"ಹಪ್ಪಳ ಒಣಗಿಸೋಕೆ ಹಾಕಿದೀನಿ. ತೆಗೀಬೇಕು" ಎಂದೆ.